ಏಜ್ ಆಫ್ ಎಂಪೈರ್ಸ್ 2: ಕೊನೆಗೂ ದ್ರವಿಡಿಯನ್ಸ್ ಹತ್ತಿರ ಬಂದು ನಿಂತೆ

ಏಜ್ ಆಫ್ ಎಂಪೈರ್ಸ್ 2 ಅಂದರೆ ಊರು ಕಟ್ಟಿ, ಸೇನೆ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ. ಅದನ್ನು ನಾನು ಮೊದಲು ಆಡಿದ್ದು ಮೈಸೂರಿನ ಸರಸ್ವತಿಪುರಂನ ಒಂದು ಸೈಬರ್ ಸೆಂಟರ್‌ನಲ್ಲಿ. ಪಿಯುಸಿ ದಿನಗಳು, ಗಂಟೆಗೆ 20 ರೂಪಾಯಿ. ಆಗ ನನ್ನ ಸಿವಿಲೈಸೇಷನ್, ಅಂದರೆ ಆಡಲು ಆರಿಸಿಕೊಳ್ಳುತ್ತಿದ್ದ ಜನಾಂಗ, ಬ್ರಿಟನ್ಸ್. ಅವರ ಬಾಣ ದೂರ ಹೋಗುತ್ತದೆ, ಅಷ್ಟೇ ಕಾರಣ. ಆಮೇಲೆ ಫ್ರಾಂಕ್ಸ್. ಅವರ ಕುದುರೆ ಸವಾರರಿಗೆ ಜೀವ ಜಾಸ್ತಿ, ಹೊಲದ ಸುಧಾರಣೆಗಳೂ ಪುಕ್ಕಟೆ. ಇಂದಿಗೂ ಹೊಸಬರು ಯಾರಾದರೂ ಕೇಳಿದರೆ ಮೊದಲ ಒಂದು ತಿಂಗಳು ಫ್ರಾಂಕ್ಸೇ ಆಡಿ ಅನ್ನುತ್ತೇನೆ. ಕೈ ಕುದುರಲು ಅದಕ್ಕಿಂತ ಒಳ್ಳೆಯದಿಲ್ಲ.

1999ರಲ್ಲಿ ಆಟ ಬಂದಾಗ 13 ಸಿವಿಲೈಸೇಷನ್‌ಗಳಿದ್ದವು (ಚಿಕ್ಕದಾಗಿ ಸಿವ್), ನಮ್ಮ ದೇಶದ್ದು ಒಂದೂ ಇರಲಿಲ್ಲ. 2013ರಲ್ಲಿ 'ಇಂಡಿಯನ್ಸ್' ಬಂತು. ಮರ ಕಡಿದು, ಮನೆ ಕಟ್ಟುವ ವಿಲೇಜರ್‌ಗಳು ಅಗ್ಗ, ಒಂಟೆ ಸವಾರರು ಗಟ್ಟಿ. ಖುಷಿಯಾಗಿ ತುಂಬಾ ದಿನ ಆಡಿದೆ. ಆದರೆ ಇಡೀ ದೇಶಕ್ಕೆ ಒಂದೇ ಸಿವ್, ಅದರ ಬಲವೇ ಒಂಟೆ ಅಂದರೆ ಮಂಡ್ಯ ಕಡೆಯವನಿಗೆ ಅದು ನಮ್ಮದು ಅಂತ ಹೇಗೆ ಅನ್ನಿಸಬೇಕು? 2019ರಲ್ಲಿ ಆಟದ ಹೊಸ ರೂಪ ಡೆಫಿನಿಟಿವ್ ಎಡಿಷನ್ ಬಂತು. ಅದರ ಮೇಲೆ 2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಸೇರ್ಪಡೆ ಬಂದಾಗ ಆ ಒಂದನ್ನು ಒಡೆದು ಹಿಂದೂಸ್ತಾನೀಸ್, ಗುರ್ಜರಾಸ್, ಬೆಂಗಾಲೀಸ್, ದ್ರವಿಡಿಯನ್ಸ್ ಅಂತ ನಾಲ್ಕು ಮಾಡಿದರು. ಅವತ್ತಿಂದ ನನ್ನದು ದ್ರವಿಡಿಯನ್ಸ್.

ಮೊದಲ ವಾರವೇ ಇಷ್ಟವಾಗಿದ್ದು ಮರ. ಒಂದೊಂದು ಏಜ್ (ಆಟದ ಹಂತ) ದಾಟಿದಾಗಲೂ ಇವರಿಗೆ 200 ಮರ ಸಿಗುತ್ತದೆ. ಕೇಳಲು ಸಣ್ಣದು, ಆಡುವಾಗ ಗೊತ್ತಾಗುತ್ತದೆ ಎಷ್ಟು ದೊಡ್ಡದು ಅಂತ. ಎರಡನೇ ಹಂತವಾದ ಫ್ಯೂಡಲ್ ಏಜ್‌ಗೆ ಕಾಲಿಟ್ಟ ಕ್ಷಣವೇ ಬಿಲ್ಲುಗಾರರನ್ನು ತಯಾರಿಸುವ 175 ಮರದ ಆರ್ಚರಿ ರೇಂಜ್ ಕಟ್ಟಬಹುದು, ಇನ್ನೂ 25 ಉಳಿದು ಒಂದು ಮನೆಗೂ ಆಗುತ್ತದೆ. ಎದುರಾಳಿ ಅಷ್ಟು ಹೊತ್ತಿಗೆ ಮರ ಸಾಲದೆ ವಿಲೇಜರ್‌ಗಳನ್ನು ಅತ್ತ ಇತ್ತ ಓಡಿಸುತ್ತಿರುತ್ತಾನೆ. ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸ್‌ನ ಸುಧಾರಣೆಗಳೆಲ್ಲ ಅರ್ಧ ಬೆಲೆ. ನೀರಿರುವ ಮ್ಯಾಪ್ ಆದರಂತೂ ಇನ್ನೂ ಚೆನ್ನ. ಮೀನು ಹಿಡಿಯುವವರು ಒಂದು ಸಲಕ್ಕೆ 15 ಜಾಸ್ತಿ ಹೊತ್ತು ತರುತ್ತಾರೆ. ಒಂದೊಂದು ಡಾಕ್ (ದೋಣಿಕಟ್ಟೆ) ಐದು ಜನರಿಗೆ ಜಾಗವನ್ನೂ ಕೊಡುತ್ತದೆ, ಅಂದರೆ ಒಂದು ಮನೆ ಉಳಿತಾಯ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವೂಟ್ಜ್ ಸ್ಟೀಲ್ ಅನ್ನುವ ಸುಧಾರಣೆ. ಅದನ್ನು ಮಾಡಿಕೊಂಡರೆ ನಮ್ಮ ಕಾಲಾಳುಗಳ, ಸವಾರರ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಟ್ಯೂಟಾನಿಕ್ ನೈಟ್ ಅಂದರೆ ಮೈತುಂಬ ಕಬ್ಬಿಣ ಹೊದ್ದವನು. ಅವನಿಗೆ ಒಂದು ಏಟಿಗೆ ನಾಲ್ಕೈದು ಪಾಯಿಂಟ್ ಕಳೆಯುತ್ತಿದ್ದ ನಮ್ಮ ಚಾಂಪಿಯನ್ ಕತ್ತಿಗಾರ ಈಗ ಹದಿನೈದರ ಮೇಲೆ ಕಳೆಯುತ್ತಾನೆ. ಪಕ್ಕದಲ್ಲಿ ಉರುಮಿ (ಬಳುಕುವ ಕತ್ತಿ) ಬೀಸುವವರು ನಾಲ್ಕು ಜನ ಇದ್ದರೆ ಗುಂಪೇ ಕರಗುತ್ತದೆ. ಅವರ ಮೊದಲ ಬೀಸು ಸುತ್ತ ನಿಂತವರಿಗೂ ತಾಗುತ್ತದೆ. ಆ ದೃಶ್ಯ ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

'ವೂಟ್ಜ್' ಅನ್ನುವ ಪದ ನಮ್ಮ 'ಉಕ್ಕು' ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡಿದ್ದು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಮೈಸೂರು ಸೀಮೆಯಲ್ಲೇ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ಹಾಕಿ, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಇದು ಗೊತ್ತಾದ ಮೇಲೆ ಆ ಬಟನ್ ಒತ್ತುವಾಗ ಏನೋ ಒಂಥರಾ ಹೆಮ್ಮೆ.

ಕಷ್ಟ ಇಲ್ಲವೇ ಅಂದರೆ, ಇದೆ. ಇವರಿಗೆ ನೈಟ್‌ಗಳೇ, ಅಂದರೆ ಕವಚ ತೊಟ್ಟ ಕುದುರೆ ಸವಾರರೇ, ಇಲ್ಲ. ಅರೇಬಿಯಾ ಥರದ ಬಯಲು ಮ್ಯಾಪ್‌ನಲ್ಲಿ ಎದುರಾಳಿಯ ಕುದುರೆಗಳು ಬಂದು, ವಿಲೇಜರ್‌ಗಳನ್ನು ಕಡಿದು, ನಮ್ಮವರು ತಲುಪುವ ಹೊತ್ತಿಗೆ ಹೊರಟು ಹೋಗಿರುತ್ತವೆ. ನಾನು ಜಾಸ್ತಿ ಆಡುವುದು ಮಂಡ್ಯದಲ್ಲಿರುವ ಚಿಕ್ಕಪ್ಪನ ಮಗನ ಜೊತೆ, ಇಬ್ಬರೂ ಒಂದೇ ಟೀಮ್. ಹೋದ ತಿಂಗಳು ಫೋನ್ ಕಿವಿಗಿಟ್ಟುಕೊಂಡೇ ಆಡುತ್ತಿದ್ದೆವು.

"ಅಣ್ಣ, ನಿನ್ ಮರ ಕಡಿಯೋರ್ ಹತ್ರ ನೈಟ್ಸ್ ಬಂದವ್ರೆ, ನೋಡು!"

ನೋಡುವಷ್ಟರಲ್ಲಿ ಆರು ಜನ ಹೋಗಿದ್ದರು. ಈಗ ಮರ ಕಡಿಯುವ ಜಾಗಕ್ಕೆಲ್ಲ ಮೊದಲೇ ನಾಲ್ಕು ಈಟಿಗಾರರನ್ನು ನಿಲ್ಲಿಸುತ್ತೇನೆ, ಸುತ್ತ ಬೇಲಿಯನ್ನೂ ಹಾಕುತ್ತೇನೆ. ಆನೆಗಳ ವಿಷಯದಲ್ಲೂ ಎಚ್ಚರ ಬೇಕು. ಎದುರಾಳಿಯ ಹತ್ತಿರ ನಮ್ಮವರನ್ನು ತಮ್ಮ ಕಡೆ ಮಾಡಿಕೊಳ್ಳುವ ಮಾಂಕ್‌ಗಳಿದ್ದರೆ (ಸನ್ಯಾಸಿಗಳು) ಆನೆ ನಿಧಾನವಾಗಿ ನಡೆದು ತಲುಪುವಷ್ಟರಲ್ಲಿ ಅವರ ಪಾಲಾಗುತ್ತದೆ. ಒಂದು ಆಟದಲ್ಲಿ ಹಾಗೇ ಐದು ಆನೆ ಕಳೆದುಕೊಂಡು ತುಂಬಾ ಬೇಜಾರಾಗಿತ್ತು.

ಇನ್ನೊಂದು ಮಾತು ಹೇಳಲೇಬೇಕು. ದ್ರವಿಡಿಯನ್ಸ್ ಹಳ್ಳಿಗರು ಆಡುವುದು ತಮಿಳು. ಅವರ ಕ್ಯಾಂಪೇನ್, ಅಂದರೆ ಕಥೆಯಾಗಿ ಆಡುವ ಭಾಗ, ರಾಜೇಂದ್ರ ಚೋಳನದ್ದು. ತುಂಬಾ ಚೆನ್ನಾಗಿದೆ, ಎರಡು ಸಲ ಮುಗಿಸಿದ್ದೇನೆ. ಆದರೆ ಆಡುತ್ತಾ ಆಡುತ್ತಾ ತಲಕಾಡು ನೆನಪಾಗದೆ ಇರುವುದಿಲ್ಲ. ಮೈಸೂರಿಂದ ಗಂಟೆ ದಾರಿ, ಗಂಗರ ರಾಜಧಾನಿ. 1004ರ ಸುಮಾರಿಗೆ ಚೋಳರ ಕೈಗೆ ಹೋಯಿತು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು 'ತಲಕಾಡುಗೊಂಡ' ಅನ್ನಿಸಿಕೊಂಡ, ಕೀರ್ತಿನಾರಾಯಣ ದೇವಸ್ಥಾನ ಕಟ್ಟಿಸಿದ. ಆ ಕಥೆಗೂ ಒಂದು ಕ್ಯಾಂಪೇನ್ ಇದ್ದಿದ್ದರೆ, ಒಬ್ಬ ಹಳ್ಳಿಗನಾದರೂ ಕನ್ನಡದಲ್ಲಿ ಓಗೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಅದಕ್ಕೇ ನಮ್ಮದೇ ಮ್ಯಾಪ್ ಮಾಡಿಕೊಳ್ಳಲು ಆಟದಲ್ಲಿರುವ ಸಿನಾರಿಯೋ ಎಡಿಟರ್‌ನಲ್ಲಿ ನಾವೇ ತಲಕಾಡು ಕಟ್ಟಲು ಕೂತಿದ್ದೇವೆ. ಭಾನುವಾರ ಚಿಕ್ಕಪ್ಪನ ಮಗ ಮೈಸೂರಿಗೆ ಬರುತ್ತಾನೆ, ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತೇವೆ. ಕಾವೇರಿಯ ತಿರುವು ಬರೆದಾಗಿದೆ, ದಾಟಲು ಎರಡು ಕಡೆ ಮೊಣಕಾಲುದ್ದದ ನೀರು ಬಿಟ್ಟಿದ್ದೇವೆ. ಕೋಟೆ ಅರ್ಧ ಆಗಿದೆ. ಚೋಳರಿಗೆ ಯಾವ ಸಿವ್, ಹೊಯ್ಸಳರಿಗೆ ಯಾವುದು ಅಂತ ಸುಮಾರು ಹೊತ್ತು ಮಾತಾಡಿದೆವು. ಇಬ್ಬರಿಗೂ ದ್ರವಿಡಿಯನ್ಸೇ ಕೊಟ್ಟೆವು.