ಹೊಸ ಸ್ಟೀರಿಯೋ ಮೈಕ್ರೋಸ್ಕೋಪಲ್ಲಿ ತಲೆನೋವಾ? "ಅಭ್ಯಾಸ ಆಗತ್ತೆ ಸರ್" ಅಂದ್ರೆ ನಂಬ್ಬೇಡಿ

ಸರ್ಕ್ಯೂಟ್ ಬೋರ್ಡ್ ರಿಪೇರಿಗೋ, ವಾಚ್ ಕೆಲ್ಸಕ್ಕೋ, ಹುಳ ಹುಪ್ಪಟೆ ನೋಡೋಕೋ, ಯಾವ್ದಕ್ಕೇ ಆಗ್ಲಿ ಸ್ಟೀರಿಯೋ ಮೈಕ್ರೋಸ್ಕೋಪ್ ತರ್ಸಿದ್ರೆ ರಿಟರ್ನ್ ಪೀರಿಯಡ್ ಮುಗಿಯೋದ್ರೊಳಗೆ ಇದನ್ನ ಒಂದ್ಸಲ ಓದ್ಬಿಡಿ. ನನಗೆ ಬಂದಿದ್ದು ಮೆಳ್ಳೆಗಣ್ಣಿನ ಮೈಕ್ರೋಸ್ಕೋಪು. ಎಡಗಡೆ ಟ್ಯೂಬ್ ಒಂದು ಜಾಗ ನೋಡಿದ್ರೆ ಬಲಗಡೆದು ಅದಕ್ಕಿಂತ ಸ್ವಲ್ಪ ಮೇಲೆ ನೋಡ್ತಿತ್ತು. ಮಾರಿದವ್ರು ಆ ದೋಷಾನ ನನ್ನ ಕಣ್ಣಿನ ಮೇಲೇ ಹಾಕಿ, ದಿನ ತಳ್ಳಿ ತಳ್ಳಿ, ಕೊನೆಗೆ ಕೈ ಎತ್ತಿದ್ರು.

ಮಾಡೆಲ್ ಅಂತಾ ವಿಶೇಷದ್ದೇನಲ್ಲ. 0.7ರಿಂದ 4.5ರವರೆಗೆ ಝೂಮ್, 10ಎಕ್ಸ್ ಐಪೀಸ್ (ಕಣ್ಣಿಡೋ ಕಡೆಯ ಲೆನ್ಸ್), ಗುಣಿಸಿದ್ರೆ 7ರಿಂದ 45 ಪಟ್ಟು, ಕ್ಯಾಮೆರಾಗೆ ಮೇಲೊಂದು ಮೂರನೇ ಟ್ಯೂಬ್. ಜಾಹೀರಾತಲ್ಲಿ ಮಾತ್ರ ದೊಡ್ಡದಾಗಿ 180ಎಕ್ಸ್ ಅಂತ ಬರ್ದಿದ್ರು. ಆ 180 ಎಲ್ಲಿಂದ ಬಂತು ಅಂದ್ರೆ 20ಎಕ್ಸ್ ಐಪೀಸ್ ಹಾಕಿ, ಕೆಳಗೆ 2ಎಕ್ಸ್ ಬಾರ್ಲೋ ಅನ್ನೋ ಎಕ್ಸ್‌ಟ್ರಾ ಲೆನ್ಸ್ ತಿರುಗ್ಸಿ ಕೂರ್ಸಿ, ಝೂಮ್ ಪೂರ್ತಿ ಏರಿಸಿದ್ರೆ ಲೆಕ್ಕಕ್ಕೆ ಬರತ್ತೆ ಅಷ್ಟೇ, ಚಿತ್ರ ದೊಡ್ಡದಾಗತ್ತೆ, ಕತ್ತಲಾಗತ್ತೆ, ಹೊಸ ವಿವರ ಹೇಳ್ಕೊಳೋ ಅಷ್ಟು ಕಾಣಲ್ಲ. ಮೇಲಾಗಿ ಲೆನ್ಸಿಗೂ ವಸ್ತುವಿಗೂ ನಡುವೆ ಸುಮಾರು 100 ಮಿ.ಮೀ. ಇದ್ದ ಜಾಗ 30ರ ಹತ್ರಕ್ಕೆ ಇಳಿಯತ್ತೆ, ಅದ್ರಲ್ಲಿ ಸೋಲ್ಡರಿಂಗ್ ಐರನ್ ತೂರ್ಸೋದು ಹೇಗೆ ಅಂತ ಅವ್ರೇ ಹೇಳ್ಬೇಕು. ಬೋರ್ಡ್ ಕೆಲ್ಸ ಮಾಡೋರಿಗೆ ಬೇಕಾಗೋದು ಉಲ್ಟಾ, 0.5ಎಕ್ಸ್ ಬಾರ್ಲೋ, ಪಟ್ಟು ಅರ್ಧ ಆಗತ್ತೆ ಆದ್ರೆ ಕೈಯಾಡಿಸೋಕೆ ಜಾಗ ಸಿಗತ್ತೆ. ಇರ್ಲಿ, ಅದು ಬೇರೆ ಕತೆ.

ಕಮ್ಮಿ ಝೂಮಲ್ಲಿ ಎಲ್ಲಾ ಚೆನ್ನಾಗೇ ಕಾಣ್ತಿತ್ತು. ಝೂಮ್ ಏರಿಸಿ ಐಸಿ ಚಿಪ್ಪಿನ ಕಾಲುಗಳ ಮೇಲೆ ಕಣ್ಣಿಟ್ರೆ ಮೊದಲ ಕ್ಷಣ ಪ್ರತಿ ಕಾಲೂ ಎರಡೆರಡು, ಒಂದರ ನೆತ್ತಿ ಮೇಲೆ ಇನ್ನೊಂದರ ಮಸುಕು ಅಂಚು, ಆಮೇಲೆ ಸರಕ್ಕಂತ ಎರಡೂ ಸೇರಿ ಒಂದಾಗ್ತಿತ್ತು. ಒಂದಾಯ್ತಲ್ಲ ಅಂತ ಕೆಲ್ಸ ಮುಂದುವರ್ಸಿದ್ರೆ ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ಹಿಡ್ಕೊಂಡಂಗೆ ನೋವು, ತಲೆ ಎತ್ತಿ ಗೋಡೆ ಗಡಿಯಾರ ನೋಡಿದ್ರೆ ಅದೂ ಒಂದು ಗಳಿಗೆ ಎರಡಾಗಿ ಕಾಣೋದು.

ಕಾರಣ ಇಷ್ಟು. ಸ್ಟೀರಿಯೋ ಅಂದ್ರೆ ಎರಡು ಕಣ್ಣಿಗೆ ಎರಡು ಬೇರೆ ದಾರಿ, ಎರಡು ಕೋನದ ಎರಡು ಚಿತ್ರ, ಆಳ ಕಾಣೋದೇ ಅದ್ರಿಂದ. ಎರಡನ್ನ ಸೇರಿಸೋ ಕೆಲ್ಸ ಮಿದುಳಿಂದು. ಚಿತ್ರ ಅಕ್ಕಪಕ್ಕ ಒಂಚೂರು ಜರುಗಿದ್ರೆ, ಅದೂ ಮೂಗಿನ ಕಡೆಗಾದ್ರೆ, ಕಣ್ಣು ಹೇಗೋ ಸುಧಾರ್ಸ್ಕೊಳತ್ತೆ, ಹತ್ರದ ವಸ್ತು ನೋಡುವಾಗ ದಿನಾ ಮಾಡೋದೇ ಅದು. ಆದ್ರೆ ಒಂದು ಮೇಲೆ ಒಂದು ಕೆಳಗೆ ಆದ್ರೆ ಕಷ್ಟ, ಒಂದು ಕಣ್ಣು ಮೇಲಕ್ಕೆ ಇನ್ನೊಂದು ಕೆಳಕ್ಕೆ ತಿರುಗ್ಸೋ ತಾಕತ್ತು ನಮಗೆ ಬಹಳ ಕಮ್ಮಿ. ಆದ್ರೂ ಮಾಂಸಖಂಡ ಎಳ್ದಾಡತ್ತೆ, ತಲೆನೋವು ಬರೋದು ಅಲ್ಲಿಂದ.

ಫೋನ್ ಮಾಡಿದ್ರೆ, "ಹೊಸಬ್ರಿಗೆಲ್ಲಾ ಹಂಗೇ ಸರ್, ಸ್ವಲ್ಪ ದಿನ ಯೂಸ್ ಮಾಡಿ, ಕಣ್ಣು ಸೆಟ್ ಆಗತ್ತೆ." ಸೆಟ್ ಆಗ್ಲಿಲ್ಲ ಅಂದ್ರೆ, "ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಬಿಡಿ ಸರ್." ಮಾಡಿಸ್ದೆ, ಕಣ್ಣು ಸರಿಯಾಗೇ ಇದೆ. ಆಮೇಲೆ ಬಂತು ನೋಡಿ, "ಕ್ಯಾಮೆರಾದಲ್ಲಿ ವಿಡಿಯೋ ಮಾಡಿ ಕಳ್ಸಿ ಸರ್, ನಮ್ಮ ಟೆಕ್ನಿಕಲ್ ಟೀಮ್ ನೋಡತ್ತೆ." ಕಳಿಸ್ದೆ. "ವಿಡಿಯೋ ಪರ್ಫೆಕ್ಟ್ ಆಗಿದೆಯಲ್ಲ ಸರ್!" ಆಗಿರ್ದೆ ಇನ್ನೇನು, ಈ ಮಾಡೆಲಲ್ಲಿ ಕ್ಯಾಮೆರಾ ಟ್ಯೂಬಿಗೆ ಹೋಗೋದು ಒಂದೇ ಕಡೆಯ ಬೆಳಕು, ಲಿವರ್ ಎಳೆದ್ರೆ ಒಂದು ಐಪೀಸ್ ಕತ್ತಲಾಗತ್ತೆ, ಆ ಚಿತ್ರ ಹೋಗಿ ಕ್ಯಾಮೆರಾಗೆ ಬೀಳತ್ತೆ. ಎರಡು ದಾರಿ ಒಂದಕ್ಕೊಂದು ಹೊಂದ್ತಿಲ್ಲ ಅನ್ನೋ ದೂರಿಗೆ ಒಂದೇ ದಾರಿಯ ವಿಡಿಯೋ ಸಾಕ್ಷಿ ಕೇಳೋದು ಗೊತ್ತಿಲ್ದೆ ಅಂತೂ ಅಲ್ಲ ಅಂತ ನನ್ನ ಅನಿಸಿಕೆ.

ಅದಾದ್ಮೇಲೆ ಇನ್ನೊಂದು ಸಲಹೆ, ಹೆಡ್ಡಿನ (ಲೆನ್ಸು, ಟ್ಯೂಬು ಇರೋ ಮೇಲ್ಭಾಗ) ಕವರ್ ಬಿಚ್ಚಿ ಒಳಗೆ ಬೆಳಕು ತಿರುಗ್ಸೋ ಗಾಜಿನ ಪ್ರಿಸಮ್ಮಿನ ಸ್ಕ್ರೂ ಕಾಲು ಸುತ್ತು ತಿರುಗ್ಸಿ ನೋಡಿ ಅಂತ. ಅದೇ ಕವರ್ ಮೇಲೆ ಸೀಲ್ ಹರಿದ್ರೆ ವಾರಂಟಿ ಇಲ್ಲ ಅಂತ ಅವ್ರದೇ ಸ್ಟಿಕ್ಕರ್! ನಾನು ಮುಟ್ಲಿಲ್ಲ. ನೀವೂ ಮುಟ್ಬೇಡಿ, ಅದನ್ನ ಕೂರ್ಸೋಕೆ ಅಳೆಯೋ ಸಾಧನ ಬೇಕು, ಅಂದಾಜಿಗೆ ತಿರುಗ್ಸಿದ್ರೆ ಇನ್ನಷ್ಟು ಕೆಡತ್ತೆ, ತಪ್ಪೂ ನಿಮ್ಮ ತಲೆಗೇ ಬರತ್ತೆ.

ಹಾಗಂತ ಎರಡೆರಡು ಕಂಡ ತಕ್ಷಣ ಮಷೀನನ್ನೇ ಬೈಯೋಕೂ ಆಗಲ್ಲ, ಎಷ್ಟೋ ಸಲ ಸೆಟ್ಟಿಂಗೇ ಆಗಿರಲ್ಲ. ಐಪೀಸ್ ಟ್ಯೂಬ್‌ಗಳನ್ನ ಹತ್ರ ದೂರ ಮಾಡಿ ಎರಡು ವೃತ್ತ ಒಂದೇ ವೃತ್ತ ಆಗೋವರೆಗೂ ತನ್ನಿ. ಎರಡೂ ಡಯಾಪ್ಟರ್ (ಐಪೀಸ್ ಹತ್ರ ಇರೋ, ಆಯಾ ಕಣ್ಣಿಗೆ ಫೋಕಸ್ ಹೊಂದಿಸೋ ಬಳೆ) ಸೊನ್ನೆಗಿಟ್ಟು, ಝೂಮ್ ಪೂರ್ತಿ ಏರಿಸಿ, ಫೋಕಸ್ ನಾಬಲ್ಲಿ ಶಾರ್ಪ್ ಮಾಡಿ. ಆಮೇಲೆ ಫೋಕಸ್ ಮುಟ್ಟದೆ ಝೂಮ್ ಪೂರ್ತಿ ಇಳಿಸಿ, ಒಂದೊಂದೇ ಕಣ್ಣಲ್ಲಿ ನೋಡ್ತಾ ಆಯಾ ಕಡೆಯ ಡಯಾಪ್ಟರ್ ತಿರುಗ್ಸಿ ಶಾರ್ಪ್ ಮಾಡಿ. ಮತ್ತೊಂದ್ಸಲ ಏರಿಸಿ ಇಳಿಸಿ ನೋಡಿ. ಇಷ್ಟಾದ್ರೆ ಝೂಮ್ ಎಲ್ಲಿಟ್ರೂ ಫೋಕಸ್ ತಪ್ಪಲ್ಲ. ಕನ್ನಡಕ ಹಾಕೋರು ರಬ್ಬರ್ ಕಪ್ ಮಡಚಿ ಇಟ್ಕೊಳಿ. ಇನ್ನು ಹೆಡ್ ತಾನಾಗೇ ಕೆಳಗೆ ಜಾರ್ತಿದ್ರೆ ಅದು ದೋಷ ಅಲ್ಲ, ತುಂಬಾ ಮಾಡೆಲಲ್ಲಿ ಎರಡೂ ಬದಿಯ ಫೋಕಸ್ ನಾಬ್ ಹಿಡಿದು ಒಂದಕ್ಕೊಂದು ವಿರುದ್ಧ ತಿರುಗ್ಸಿದ್ರೆ ಬಿಗಿಯಾಗತ್ತೆ.

ಇದೆಲ್ಲಾ ಮಾಡಿದ್ಮೇಲೂ ಎರಡೆರಡು ಕಂಡ್ರೆ ಈಗ ಸಾಕ್ಷಿ ಮಾಡ್ಕೊಳಿ, ನನಗೆ ಇದು ಮೊದಲೇ ಯಾರಾದ್ರೂ ಹೇಳಿದ್ರೆ ದುಡ್ಡು ಉಳೀತಿತ್ತು. ಗ್ರಾಫ್ ಪೇಪರ್ ಮೇಲೆ ಪೆನ್ನಲ್ಲಿ ಸಣ್ಣ ಚುಕ್ಕೆ ಇಟ್ಟು, ಕದಲ್ದಂಗೆ ಟೇಪ್ ಹಾಕಿ, ಝೂಮ್ ಪೂರ್ತಿ ಏರಿಸಿ, ಎಡ ಐಪೀಸಲ್ಲಿ ಚುಕ್ಕೆ ಸರಿಯಾಗಿ ನಡುವೆ ಬರಂಗೆ ಮಾಡಿ. ಆಮೇಲೆ ಯಾವ್ದನ್ನೂ ಮುಟ್ಟದೆ ಮೊಬೈಲ್ ಕ್ಯಾಮೆರಾನ ಎಡ ಐಪೀಸಿಗಿಟ್ಟು ಒಂದು ಫೋಟೋ, ಬಲ ಐಪೀಸಿಗಿಟ್ಟು ಒಂದು ಫೋಟೋ. ಎರಡರಲ್ಲೂ ಗುಂಡಗಿನ ಅಂಚು ಪೂರ್ತಿ ಕಾಣ್ಬೇಕು, ಯಾಕಂದ್ರೆ ಅಳೆಯೋದು ಚುಕ್ಕೆ ಆ ಅಂಚಿಂದ ಎಷ್ಟು ದೂರ ಅಂತ. ನನ್ನದ್ರಲ್ಲಿ ಎಡಗಡೆ ನಟ್ಟನಡುವೆ ಇದ್ದ ಚುಕ್ಕೆ ಬಲಗಡೆ ಎದ್ದು ಕಾಣೋ ಅಷ್ಟು ಕೆಳಗಿತ್ತು. ಕಮ್ಮಿ ಝೂಮಲ್ಲೂ ಒಂದು ಜೊತೆ ತೆಗೀರಿ, ಕೆಲವು ಪೀಸಲ್ಲಿ ಝೂಮ್ ತಿರುಗ್ಸ್ತಾ ಹೋದಂಗೆ ಒಂದು ಕಡೆದು ಮಾತ್ರ ಜರುಗತ್ತೆ. ಕ್ರಾಸ್ ಗೆರೆ ಇರೋ ಐಪೀಸ್ ಇದ್ರೆ ಇನ್ನೂ ಗಟ್ಟಿ ಸಾಕ್ಷಿ, ಒಂದೇ ಐಪೀಸನ್ನ ಎಡಕ್ಕೂ ಬಲಕ್ಕೂ ಹಾಕಿ ಚುಕ್ಕೆ ಕ್ರಾಸಿನ ಮೇಲೇ ನಿಲ್ಲತ್ತಾ ನೋಡಿ, ಮೊದಲು ಐಪೀಸನ್ನ ಇದ್ದಲ್ಲೇ ಸುತ್ತಿಸಿ ಕ್ರಾಸಿನ ನಡು ಅಲ್ಲಾಡಲ್ಲ ಅಂತ ಖಾತ್ರಿ ಮಾಡ್ಕೊಂಡು.

ಈ ಫೋಟೋ ಕಳಿಸಿದ್ಮೇಲೆ ಕಣ್ಣಿನ ಮಾತು ನಿಂತೋಯ್ತು. ಬಂದ ಉತ್ತರ, "ರಿಟರ್ನ್ ಪೀರಿಯಡ್ ಮುಗಿದಿದೆ ಸರ್, ವಾರಂಟಿಲಿ ಆಪ್ಟಿಕಲ್ ಅಲೈನ್‌ಮೆಂಟ್ ಬರಲ್ಲ." ಅದು ಬರ್ದೆ ವಾರಂಟಿ ಯಾವ್ದಕ್ಕೆ, ಕೆಳಗಿನ ಕಬ್ಬಿಣದ ಹಲಗೆಗಾ?

ಕೊನೆಗೆ ಮೈಕ್ರೋಸ್ಕೋಪ್ ಸರ್ವಿಸ್ ಮಾಡೋರೊಬ್ರು ಬಿಚ್ಚಿ ನೋಡಿದ್ರು. ಬಲಗಡೆ ಪ್ರಿಸಮ್ ಹಿಡಿದಿದ್ದ ಅಂಟು ಒಂದು ಮೂಲೆಲಿ ಬಿಟ್ಕೊಂಡು ಪ್ರಿಸಮ್ ಕೂದಲೆಳೆಯಷ್ಟು ವಾಲಿತ್ತು, ಸಾಗಾಟದಲ್ಲಿ ಪೆಟ್ಟು ಬಿದ್ದಿರ್ಬೇಕು ಅಂದ್ರು. ಮತ್ತೆ ಅಂಟಿಸಿ ಎರಡೂ ಕಡೆ ಹೊಂದಿಸಿ ಕೊಟ್ರು, ಖರ್ಚು ನಂದೇ, ತಲೆನೋವು ಮಾತ್ರ ಅವತ್ತಿಗೇ ಹೋಯ್ತು. ಹೊಸ ಪೀಸೇ ಹಿಂಗೆ ಬರೋದಾದ್ರೆ ಸೆಕೆಂಡ್ ಹ್ಯಾಂಡ್ ತಗೊಳೋರು ದುಡ್ಡು ಕೊಡೋಕೆ ಮುಂಚೆನೇ ಆ ಎರಡು ಫೋಟೋ ಕಳ್ಸೋಕೆ ಹೇಳಿ, ಜೊತೆಗೆ ಲೆನ್ಸೊಳಗೆ ಟಾರ್ಚ್ ಬಿಟ್ಟು ಜೇಡರ ಬಲೆ ತರ ಫಂಗಸ್ ಇದೆಯಾ ಅಂತ್ಲೂ ನೋಡಿ. ಮತ್ತೆ ಬಂದ ಡಬ್ಬ, ಫೋಮು ಎಸೀಬೇಡಿ, ಅದಿಲ್ಲ ಅಂದ್ರೆ ವಾಪಸ್ ತಗೊಳಲ್ಲ ಅನ್ನೋದು ಇವ್ರ ಮುಂದಿನ ನೆಪ.