ಬಾಡಿಗೆ ಅಂಗಡಿಯವರೇ, ‘ಐಟಂ 1, ಐಟಂ 2’ ಅಂತ ಡಬ್ಬಿ ಇರೋ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ

ಶಾಮಿಯಾನದವರು, ಪಾತ್ರೆ ಬಾಡಿಗೆಯವರು, ಗ್ಯಾರೇಜಿನವರು, ಒಟ್ನಲ್ಲಿ ಒಂದೇ ಬಿಲ್ಲಲ್ಲಿ ಹತ್ತಾರು ಸಾಲು ಬರೆಯೋರೆಲ್ಲ ಇದನ್ನ ಓದಿ. ದುಡ್ಡು ಹೋಗಿದ್ದು ಹಾಗಿರಲಿ, ಮದುವೆ ಸೀಸನ್ನಲ್ಲಿ ಗಿರಾಕಿ ಮುಂದೆ ಮಾನ ಹೋಯ್ತಲ್ಲ, ಅದು ಇನ್ನೂ ಉರೀತಿದೆ.

ನಮ್ಮ ಬಾಡಿಗೆ ಅಂಗಡಿಗೆ ಬಿಲ್ ಸಾಫ್ಟ್‌ವೇರ್ ಮಾಡಿಕೊಡೋಕೆ ಗುರುತಿನವರ ಕಡೆಯಿಂದ ಒಬ್ಬ ಹುಡುಗ ಬಂದ. ‘ಎಂಎಸ್ ಅಕ್ಸೆಸ್‌ನಲ್ಲಿ ಮಾಡಿಕೊಡ್ತೀನಿ ಮೇಡಂ, 18 ಸಾವಿರ, ಅರ್ಧ ಅಡ್ವಾನ್ಸ್’ ಅಂದ. ಅಕ್ಸೆಸ್ ಅಂದ್ರೆ ಮಾಹಿತಿ ಜೋಡಿಸಿಡೋ ಮೈಕ್ರೋಸಾಫ್ಟ್ ಡೇಟಾಬೇಸ್ ಪ್ರೋಗ್ರಾಂ. ಡೆಮೊ ತೋರಿಸಿದ್ದು ಒಂದು ಗೃಹಪ್ರವೇಶದ ಬುಕಿಂಗು: ಕುರ್ಚಿ, ಮೇಜು, ಜಮಖಾನ, ಬಾಣಲೆ. ಮೇಲೆ ಅಂಗಡಿ ಹೆಸರು ಬಣ್ಣಬಣ್ಣದಲ್ಲಿ, ಗಣಪತಿ ಚಿತ್ರ ಬೇರೆ. ಕೆಳಗೆ ಐಟಂ 1, ಐಟಂ 2 ಅಂತ ಎಂಟು ಡಬ್ಬಿ. ನಾಲ್ಕೇ ಸಾಮಾನಿನ ಬುಕಿಂಗನ್ನ ಯಾಕೆ ಆರಿಸ್ಕೊಂಡ ಅಂತ ಆಮೇಲೆ ಗೊತ್ತಾಯ್ತು.

ಮೊದಲ ದೊಡ್ಡ ಮದುವೆ ಬುಕಿಂಗು ಬಂತು. ಹೆಣ್ಣಿನ ತಂದೆ ಅಡುಗೆ ಭಟ್ಟರ ಚೀಟಿ ಹಿಡಿದು ಓದ್ತಾ ಇದಾರೆ: ಕೊಪ್ಪರಿಗೆ, ಕೊಳದಪ್ಪಲೆ, ಬಾಣಲೆ, ಇಡ್ಲಿ ಪಾತ್ರೆ, ಜಾಲರಿ, ಸೌಟು, ಬಕೆಟ್ಟು, ಲೋಟ. ಎಂಟಾಯ್ತು. ‘ಈಳಿಗೆ ಮಣೆ’ ಅಂದ್ರು. ಬರೆಯೋಕೆ ಜಾಗ ಇಲ್ಲ! ಟ್ಯಾಬ್ ಒತ್ತಿದ್ರೆ ಕರ್ಸರ್ ಸೀದಾ ‘ಸೇವ್’ ಬಟನ್ ಮೇಲೆ ಹೋಗಿ ಕೂರುತ್ತೆ. ಅವರು ಚೀಟಿ ಹಿಡ್ಕೊಂಡು ಕಾಯ್ತಾ ಇದಾರೆ, ಇನ್ನೂ ಅರ್ಧ ಚೀಟಿ ಬಾಕಿ.

ಫೋನ್ ಮಾಡಿದೆ. ‘ಅದೇ ಹೆಸರಲ್ಲಿ ಇನ್ನೊಂದು ಎಂಟ್ರಿ ಹಾಕಿ ಮೇಡಂ, ಅಷ್ಟೇ.’

ಅಷ್ಟೇ ಅಂತೆ! ಇನ್ನೊಂದು ಎಂಟ್ರಿ ಅಂದ್ರೆ ಇನ್ನೊಂದು ಬಿಲ್ ನಂಬರು. ಅಡ್ವಾನ್ಸ್ ಖಾಲಿ ಬಿಟ್ರೆ ಫಾರಂ ಸೇವ್ ಆಗಲ್ಲ, ಹಾಗೆ ಮಾಡಿಟ್ಟಿದಾನೆ. ಅವರು ಕೊಟ್ಟ 5,000 ಎರಡೂ ಕಡೆ ಬಿತ್ತು, ಲೆಕ್ಕದಲ್ಲಿ 10,000 ಆಯ್ತು. ಸಾಮಾನು ವಾಪಸ್ ಬಂದಾಗ ಕೆಲಸದ ಹುಡುಗ ಒಂದು ಬಿಲ್ ಮುಚ್ಚಿದ, ಇನ್ನೊಂದು ಹಾಗೇ ತೆರೆದಿತ್ತು. ‘ಬಾಕಿ ಸಾಮಾನು’ ಪಟ್ಟಿಲಿ ಈಳಿಗೆ ಮಣೆ ತೋರಿಸ್ತಿದೆ ಅಂತ ಅವರಿಗೆ ಫೋನ್ ಹೋಯ್ತು. ಅವರು ಅಂಗಡಿಗೇ ಬಂದು, ನಾಲ್ಕು ಜನ ಗಿರಾಕಿಗಳ ಎದುರು, ‘ಅಗೋ, ನಿಮ್ಮ ತಲೆ ಮೇಲೇ ಇದೆಯಲ್ಲಮ್ಮ’ ಅಂದ್ರು. ತಿರುಗಿ ನೋಡಿದ್ರೆ ಅಟ್ಟದ ಮೇಲಿದೆ.

ಅವತ್ತೇ ಅವನಿಗೆ ಮೆಸೇಜ್ ಹಾಕಿದೆ. ಬಂದ ಉತ್ತರ: ‘ಡೆಮೊದಲ್ಲಿ ಓಕೆ ಅಂದ್ರಲ್ಲ ಮೇಡಂ. ಬೇಕಾದ್ರೆ 20 ಐಟಂ ತನಕ ಮಾಡಿಕೊಡ್ತೀನಿ, ಒಂದೊಂದು ಡಬ್ಬಿಗೆ 300 ಎಕ್ಸ್ಟ್ರಾ.’ ಡಬ್ಬಿಗೆ ಇಷ್ಟು ಅಂತ ರೇಟು! ಒಂದೊಂದು ಡಬ್ಬಿಗೂ ಟೇಬಲ್ಲಲ್ಲಿ, ಅಂದ್ರೆ ಮಾಹಿತಿ ಕೂರೋ ಪಟ್ಟಿಲಿ, ಒಂದೊಂದು ಕಾಲಂ; ಅಕ್ಸೆಸ್ ಟೇಬಲ್ಲಲ್ಲಿ 255 ಕಾಲಂ ತನಕ ಹಾಕಬಹುದಂತೆ. ಹಾಕ್ತಾ ಹೋಗಪ್ಪಾ, ನಿನ್ನ ಮನೆ ಕಟ್ಟಿ ಮುಗಿಯುತ್ತೆ. ಅದೂ ಅಲ್ದೆ ಕೊಪ್ಪರಿಗೆ ಯಾರ ಮನೇಲಿದೆ ಅಂತ ಹುಡುಕಬೇಕಾದ್ರೆ ಇಪ್ಪತ್ತೂ ಕಾಲಂ ತಡಕಬೇಕಲ್ಲ?

ಜಗಳ ಆಡಿದ ಮೇಲೆ ‘ಸಬ್‌ಫಾರಂ ಹಾಕಿದೀನಿ’ ಅಂತ ಹೊಸ ಫೈಲ್ ಕಳಿಸಿದ. ಅಂದ್ರೆ ಬಿಲ್ಲಿನ ಫಾರಂ ಒಳಗೇ, ಆ ಬಿಲ್ಲಿನ ಸಾಮಾನು ಸಾಲುಸಾಲಾಗಿ ಬರೆಯೋ ಇನ್ನೊಂದು ಫಾರಂ. ತೆರೆದ್ರೆ ಯಾವ ಬಿಲ್ ತೆಗೆದ್ರೂ ಊರಿನವರದ್ದೆಲ್ಲ ಸಾಮಾನು ಅದರ ಕೆಳಗೇ! ನಾಮಕರಣದ ಬಿಲ್ಲಿಗೂ ನಾನೂರು ಕುರ್ಚಿ. ‘ಸ್ಕ್ರೋಲ್ ಮಾಡಿ ನೋಡ್ಕೊಳ್ಳಿ ಮೇಡಂ’ ಅಂದ. ಸ್ಕ್ರೋಲ್ ಮಾಡಬೇಕಂತೆ.

ನಮ್ಮ ನಾದಿನಿ ಮಗ ಡಿಪ್ಲೊಮಾ ಓದ್ತಿದಾನೆ. ಸರಿಮಾಡೋಣ ಅಂತ ಕೂತ್ರೆ ಫಾರಂ ಡಿಸೈನ್ ವ್ಯೂನಲ್ಲಿ, ಅಂದ್ರೆ ಅದನ್ನ ತಿದ್ದೋ ಪರದೆಯಲ್ಲಿ, ತೆರೆಯೋದೇ ಇಲ್ಲ. ಕೊಟ್ಟಿರೋದು ಎಸಿಸಿಡಿಇ ಫೈಲು, ಅಂದ್ರೆ ಫಾರಂ ತಿದ್ದೋಕೆ ಆಗದ ಹಾಗೆ ಬೀಗ ಹಾಕಿದ್ದು. ಶಿಫ್ಟ್ ಒತ್ತಿ ಹಿಡ್ಕೊಂಡು ತೆರೆದ, ಬಚ್ಚಿಟ್ಟಿದ್ದ ಟೇಬಲ್‌ಗಳು ಕಂಡವು. ‘ಅತ್ತೆ, ಸಾಮಾನಿನ ಟೇಬಲ್ಲಲ್ಲಿ ಬಿಲ್ ನಂಬರ್ ಕಾಲಮ್ಮೇ ಇಲ್ಲ’ ಅಂದ. ಯಾವ ಸಾಲು ಯಾರದ್ದು ಅಂತ ಬರೆದೇ ಇಲ್ಲದ ಮೇಲೆ ಸಬ್‌ಫಾರಮ್ಮಿಗೆ ಹೇಗೆ ಗೊತ್ತಾಗಬೇಕು? ‘ಲಿಂಕ್ ಮಾಸ್ಟರ್ ಫೀಲ್ಡ್ಸ್’, ‘ಲಿಂಕ್ ಚೈಲ್ಡ್ ಫೀಲ್ಡ್ಸ್’ ಅಂತ ಎರಡು ಕಡೆ ಬಿಲ್ ನಂಬರ್ ಕೊಟ್ರೆ ಮುಗೀತಿತ್ತಂತೆ. ಅದಕ್ಕೂ ಮೊದಲು ಆ ಕಾಲಂ ಇರಬೇಕಲ್ಲ.

ಅಕ್ಸೆಸ್‌ನಲ್ಲೇ ಸಿಗೋ ನಾರ್ತ್‌ವಿಂಡ್ ಅನ್ನೋ ಮಾದರಿ ಡೇಟಾಬೇಸ್ ತೆಗೆದು ತೋರಿಸಿದ. ಮೇಲೆ ಆರ್ಡರು, ಕೆಳಗೆ ಆ ಆರ್ಡರಿನ ಸಾಮಾನು ಮಾತ್ರ, ಎಷ್ಟು ಸಾಲು ಬೇಕಾದ್ರೂ ಬರೀತಾ ಹೋಗಬಹುದು. ಕಣ್ಣೆದುರೇ ಇರೋ ನಮೂನೆ! ನಕಲು ಹೊಡೆಯೋಕೂ ಬರದವನು ನಮ್ಮ ಹತ್ರ 18 ಸಾವಿರ ಕೇಳಿದ.

ಮಾಡಿಸೋರು ಡೆಮೊ ದಿನ ನಿಮ್ಮದೇ ಹಳೇ ಬಿಲ್ ಬುಕ್ಕಿನ ಅತಿ ಉದ್ದದ ಬಿಲ್ಲನ್ನ ಅವನ ಕೈಲೇ ತುಂಬಿಸಿ. ಮುಂದಿನ ಬಿಲ್ ತೆಗೆದಾಗ ಹಿಂದಿನವರ ಸಾಮಾನು ಮಾಯ ಆಗುತ್ತಾ ನೋಡಿ. ಬೀಗ ಇಲ್ಲದ, ತಿದ್ದೋಕೆ ಬರೋ ಎಸಿಸಿಡಿಬಿ ಫೈಲು ಕೈಗೆ ಬರದೆ ಬಾಕಿ ದುಡ್ಡು ಕೊಡಬೇಡಿ. ‘ಸೆಕ್ಯೂರಿಟಿಗೆ ಲಾಕ್ ಮಾಡಿದೀನಿ’ ಅಂದ್ರೆ ನಂಬಬೇಡಿ, ಆ ಸೆಕ್ಯೂರಿಟಿ ಅವನಿಗೇ.

ಟೇಬಲ್‌ಗಳಿಗೆ ಬೀಗ ಇಲ್ಲದ್ದರಿಂದ ಗಿರಾಕಿಗಳ ಹೆಸರು, ಫೋನ್ ನಂಬರಾದ್ರೂ ಹೊರಗೆ ತೆಗೆಯೋಕೆ ಆಯ್ತು. ಸಾಮಾನಿನ ಸಾಲುಗಳನ್ನ ಬಿಲ್ ಬುಕ್ ನೋಡ್ಕೊಂಡು ಮೊದಲಿಂದ ಹೊಡೀತಾ ಇದೀವಿ. ಅವನದು ನಿನ್ನೆ ಮತ್ತೆ ಮೆಸೇಜು: ‘ಬ್ಯಾಲೆನ್ಸ್ 9,000 ಯಾವಾಗ ಹಾಕ್ತೀರಾ ಮೇಡಂ?’ ಹಾಕಲ್ಲ ಅಂತ ಬರೆದು ಕಳಿಸಿದೀನಿ.