ಬಾರೆ ಗಿಡದ ಚಾಟ್ನಿ: ಬೊಡ್ಡೆಗೆ ಕಡಿದ ಸಾಲು, ಅರ್ಧಕ್ಕೆ ಸವರಿದ ಸಾಲು

ಯುಗಾದಿ ಮುಗಿದ ಕೂಡಲೇ ನಮ್ಮ ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ, ಅಂದರೆ ಟೊಂಗೆ ಸವರುವ ಕೆಲಸ, ಶುರುವಾಗುತ್ತದೆ. ಬಾರೆ (ಬೋರೆ, ಎಲಚಿ) ಗಿಡಕ್ಕೂ ಅದೇ ಹೊತ್ತಿಗೆ ಕತ್ತರಿ ಬೀಳಬೇಕು. ಕಾಯಿ ಫೆಬ್ರುವರಿಗೆಲ್ಲ ಮುಗಿದಿರುತ್ತದೆ. ಬಿಸಿಲು ಏರಿದಂತೆ ಗಿಡ ತಾನಾಗಿಯೇ ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ. ಬಾರೆ ಹೂ ಬಿಡುವುದು ಆ ವರ್ಷ ಹೊಸದಾಗಿ ಬಂದ ಟೊಂಗೆಯಲ್ಲಿ, ಎಲೆಯ ಬುಡದಲ್ಲಿ. ಹಾಗಾಗಿ ಚಾಟ್ನಿ ಬೇಕೇ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಎಷ್ಟು ಕಡಿಯಬೇಕು ಅಂತ ಕೇಳಿದರೆ ಮಾತ್ರ ಹತ್ತು ಜನ ಹತ್ತು ಮಾತು ಹೇಳುತ್ತಾರೆ.

ನನ್ನದು ಮಡ್ಡಿ ಭೂಮಿ, ಕಲ್ಲು ಮಿಶ್ರಿತ ತೆಳು ಮಣ್ಣು. ಒಂದು ಬೋರ್‌ವೆಲ್, ಅದೂ ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ದಪ್ಪ ಕಾಯಿಯ ತಳಿಯಾದ ಆಪಲ್ ಬಾರೆ ಗಿಡಗಳ ಮೂರು ಸಾಲನ್ನು 2023ರ ಏಪ್ರಿಲ್‌ನಲ್ಲಿ ಮೂರು ಥರ ಮಾಡಿದೆ. ಒಂದು ಸಾಲನ್ನು ನೆಲದಿಂದ ಒಂದೂವರೆ ಅಡಿ ಬಿಟ್ಟು ಬೊಡ್ಡೆಗೇ ಕಡಿಸಿದೆ. ಇನ್ನೊಂದು ಸಾಲಿನಲ್ಲಿ ದಪ್ಪ ಟೊಂಗೆಗಳನ್ನು ಉಳಿಸಿ, ಹಿಂದಿನ ವರ್ಷದ ಟೊಂಗೆಗಳನ್ನು ಹದಿನೈದಿಪ್ಪತ್ತು ಗೆಣ್ಣಿಗೆ, ಅಂದರೆ ಅರ್ಧಕ್ಕೆ, ಸವರಿದೆ. ಅಡ್ಡಕ್ಕೆ ಹೋದ ಸಣ್ಣ ಕಡ್ಡಿಗಳನ್ನೆಲ್ಲ ಪೂರ್ತಿ ತೆಗೆದೆ. ಮೂರನೇ ಸಾಲಿನಲ್ಲಿ ಒಣ ಕಡ್ಡಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಮುಟ್ಟದ ಸಾಲಿನ ಕಥೆ ಬೇಗ ಮುಗಿಯುತ್ತದೆ. ಹೂವು ಎಲ್ಲರಿಗಿಂತ ಮೊದಲು ಬಂತು. ಕಾಯಿಯೂ ರಾಶಿ ಕಟ್ಟಿತು. ಆದರೆ ಅರ್ಧಕ್ಕರ್ಧ ಲಿಂಬೆಗಿಂತ ಸಣ್ಣದು. ಒಳಗಡೆ ಕತ್ತಲು, ಅಲ್ಲಿಗೆ ಗಾಳಿಯೂ ಇಲ್ಲ, ಔಷಧಿಯೂ ತಲುಪಲಿಲ್ಲ. ಮೊದಲು ಬೂದಿ ರೋಗ ಬಂತು, ಆಮೇಲೆ ಹಣ್ಣು ನೊಣದ ಹುಳ. ಕೀಳಲು ಬಂದ ಹೆಣ್ಣುಮಕ್ಕಳ ಕೈಯೆಲ್ಲ ಮುಳ್ಳಿನ ಗೀರು. ಅದನ್ನು ನೋಡಿ ನನಗೆ ಬಹಳ ಬೇಜಾರಾಯಿತು. ಮರುವರ್ಷವೇ ಆ ಸಾಲನ್ನೂ ಸವರಿಸಿದೆ.

ಬೊಡ್ಡೆಗೆ ಕಡಿದ ಸಾಲು ನೋಡಲು ಚೆಂದ. ಮೂರು ವಾರಕ್ಕೆ ಮೊಂಡಿನ ಸುತ್ತ ಹಸಿರು ಗುಚ್ಛ ಒಡೆಯಿತು. ಅದರಲ್ಲಿ ಗಟ್ಟಿಯಾದ ನಾಲ್ಕೈದನ್ನು ನಾಲ್ಕೂ ದಿಕ್ಕಿಗೆ ಬಿಟ್ಟು ಉಳಿದದ್ದನ್ನು ಚಿವುಟಬೇಕು. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ನಾನು ಮೂರು ಸಲ ಚಿವುಟಿದೆ. ಈ ಚಿಗುರಿಗೆ ನೀರು ಬೇಕು, ಅದೂ ಕೆಂಡದಂಥ ಏಪ್ರಿಲ್, ಮೇ ತಿಂಗಳಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪಟ್ಟಿಗೆ ಸೇರಿದ ವರ್ಷ ಅದು. ಡ್ರಿಪ್ ಸರಿಯಾಗಿ ತಲುಪಿದ ಅರ್ಧ ಸಾಲು ಆಳೆತ್ತರ ಬೆಳೆದು ದಪ್ಪ ದಪ್ಪ ಕಾಯಿ ಕೊಟ್ಟಿತು. ಅಷ್ಟು ಒಳ್ಳೆ ಕಾಯಿ ನನ್ನ ತೋಟದಲ್ಲಿ ಮೊದಲು ಬಂದಿರಲಿಲ್ಲ, ಸುಳ್ಳು ಹೇಳಲ್ಲ. ನೀರು ಕಡಿಮೆಯಾದ ಉಳಿದರ್ಧ ಮೊಣಕಾಲು, ಸೊಂಟದ ಎತ್ತರಕ್ಕೇ ನಿಂತುಬಿಟ್ಟಿತು.

ಇನ್ನೊಂದು ತೊಂದರೆ ಕಾಯಿ ತುಂಬಿದ ಮೇಲೆ ಗೊತ್ತಾಯಿತು. ಮೊಂಡಿನಿಂದ ಹೊಸದಾಗಿ ಎದ್ದ ಟೊಂಗೆಗೆ ಬುಡದಲ್ಲಿ ಹಿಡಿತ ಕಡಿಮೆ. ಭಾರಕ್ಕೆ, ಗಾಳಿಗೆ ಸೀಳಿ ಬೀಳುತ್ತದೆ. ಬಿದಿರು, ತಂತಿ ಕಟ್ಟಿ ಆಧಾರ ಕೊಡಲೇಬೇಕು. ಆ ಖರ್ಚನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಎರಡು ಗಿಡಗಳ ವಿಷಯದಲ್ಲಿ. ಕಡಿಯಲು ಬಂದವರು ಮಾತಾಡುತ್ತಾ ಮಾತಾಡುತ್ತಾ ಕಸಿ ಕೂಡಿದ ಜಾಗದ, ಅಂದರೆ ಕಸಿ ಗಂಟಿನ, ಕೆಳಗೇ ಗರಗಸ ಹಾಕಿಬಿಟ್ಟರು. ಚಿಗುರೇನೋ ಜೋರಾಗಿಯೇ ಬಂತು. ಆದರೆ ಎಲೆ ಸಣ್ಣ, ಮುಳ್ಳು ಜಾಸ್ತಿ. ಅದು ಬೇರಿಗೆ ಕೊಟ್ಟಿದ್ದ ಕಾಡು ಬಾರೆ. ಮಳೆಗಾಲದಲ್ಲಿ ಅದೇ ಚಿಗುರಿಗೆ ಪಕ್ಕದ ಗಿಡದಿಂದ ಕಣ್ಣು (ಚಿಗುರು ಮೊಗ್ಗು) ತಂದು ಕಸಿ ಕಟ್ಟಿದೆ. ಗಿಡ ಉಳಿಯಿತು, ಆ ವರ್ಷದ ಕಾಯಿ ಹೋಯಿತು. ಈಗ ಕಡಿಸುವ ಮೊದಲು ಪ್ರತಿ ಗಿಡದ ಕಸಿ ಗಂಟಿನ ಮೇಲೆ ಒಂದು ಗೇಣು ಬಿಟ್ಟು ಸುಣ್ಣದ ಗೆರೆ ಎಳೆಯುತ್ತೇನೆ. ಅದಕ್ಕಿಂತ ಕೆಳಗೆ ಯಾರೂ ಹೋಗುವಂತಿಲ್ಲ.

ಅರ್ಧಕ್ಕೆ ಸವರಿದ ಸಾಲು ನೋಡಲು ಅಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಕೆಲಸವೂ ನಿಧಾನ. ಬೊಡ್ಡೆಗೆ ಕಡಿಯುವವನು ಎರಡು ಗಿಡ ಮುಗಿಸುವ ಹೊತ್ತಿಗೆ ಇಲ್ಲಿ ಒಂದೂ ಆಗುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಅಂತ ಪ್ರತಿ ಟೊಂಗೆಗೂ ಯೋಚಿಸಬೇಕು. ಆದರೆ ಆ ಬರದಲ್ಲಿ ನನ್ನನ್ನು ಕಾಪಾಡಿದ್ದು ಇದೇ ಸಾಲು. ದಪ್ಪ ಟೊಂಗೆ ಉಳಿದಿದ್ದಕ್ಕೆ ಕಡಿಮೆ ನೀರಿನಲ್ಲೂ ಗಿಡ ಬೇಗ ತುಂಬಿಕೊಂಡಿತು. ಕಾಯಿ ಸ್ವಲ್ಪ ಸಣ್ಣದು, ನಿಜ. ಆದರೆ ಮೂರು ವಾರ ಮೊದಲೇ ಕೊಯ್ಲಿಗೆ ಬಂತು. ಸಂಕ್ರಾಂತಿಗೆ ಮುಂಚೆ ಮಾರುಕಟ್ಟೆ ಸೇರಿದ ಕಾಯಿಗೂ ಆಮೇಲೆ ಸೇರಿದ ಕಾಯಿಗೂ ರೇಟಿನಲ್ಲಿ ಎಷ್ಟು ವ್ಯತ್ಯಾಸ ಅಂತ ಬಾರೆ ಬೆಳೆದವರಿಗೆ ಗೊತ್ತೇ ಇದೆ, ಅಲ್ವಾ? ಟೊಂಗೆ ಸೀಳಿದ್ದು ಒಂದೇ ಒಂದು ಕಡೆ.

ಚಾಟ್ನಿ ಯಾವಾಗ ಮಾಡಬೇಕು ಅನ್ನುವ ವಿಷಯದಲ್ಲೂ ಒಂದು ಪ್ರಯೋಗ ಆಯಿತು. ಮರುವರ್ಷ ನಾಲ್ಕು ಗಿಡಗಳನ್ನು ಮಾರ್ಚ್ ಮೊದಲ ವಾರವೇ ಸವರಿದೆ. ಬೇಡವಾಗಿತ್ತು. ಎಳೆ ಚಿಗುರು ಬಿಸಿಲಿಗೆ ಸುಟ್ಟು ಎರಡನೇ ಸಲ ಒಡೆಯಬೇಕಾಯಿತು. ಎಲೆ ಉದುರಿ ಗಿಡ ಬರಿದಾಗುವ ತನಕ ಕಾಯುವುದೇ ಸರಿ. ಹಾಗಂತ ಜೂನ್‌ಗೆ ತಳ್ಳಿದರೆ ಹೂವು ಹಿಂದೆ ಬೀಳುತ್ತದೆ.

ಯಾವ ಥರ ಕಡಿದರೂ ಬಿಡಬಾರದ ಎರಡು ಕೆಲಸ ಇವೆ. ಕಡಿದ ಬಾಯಿಗೆ ಅದೇ ದಿನ ಬೋರ್ಡೋ ಪೇಸ್ಟ್ ಹಚ್ಚಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಕಬ್ಬಿಣದ ಬಕೆಟ್ ಬೇಡ, ಪ್ಲಾಸ್ಟಿಕ್‌ನಲ್ಲಿ ಕಲಸಿ. ಇನ್ನೊಂದು, ಬಿದ್ದ ಹಣ್ಣನ್ನೆಲ್ಲ ಆರಿಸಿ ಆಳವಾಗಿ ಹೂತು, ಗಿಡದ ಬುಡದ ಮಣ್ಣನ್ನು ಹರಗಬೇಕು. ಹಣ್ಣು ನೊಣದ ಕೋಶ ಇರುವುದು ಆ ಮಣ್ಣಿನಲ್ಲೇ. ಮೇಲೆ ಬಂದರೆ ಬಿಸಿಲು, ಹಕ್ಕಿ ನೋಡಿಕೊಳ್ಳುತ್ತವೆ.

ಬೇಸಿಗೆಯಲ್ಲೂ ನಂಬಿಕೆಯ ನೀರಿದೆ, ಚಿಗುರು ಚಿವುಟಲು ಆಳು ಸಿಗುತ್ತಾರೆ ಅನ್ನುವವರು ಆಪಲ್ ಬಾರೆಯನ್ನು ಬೊಡ್ಡೆಗೆ ಕಡಿಯಿರಿ. ನನ್ನಂಥ ಮಡ್ಡಿಯವರು ದಯವಿಟ್ಟು ಅರ್ಧಕ್ಕೆ ನಿಲ್ಲಿಸಿ. ಬೇಲಿ ಪಕ್ಕದಲ್ಲಿ ಅಪ್ಪ ನೆಟ್ಟ ಉಮ್ರಾನ್ ತಳಿಯ ಐದು ಬಾರೆ ಗಿಡಗಳಿಗಂತೂ ನಾನು ಬೊಡ್ಡೆ ಕಡಿತ ಮಾಡಿಸುವುದೇ ಇಲ್ಲ. ಅವಕ್ಕೆ ಕತ್ತರಿ ಹಿಡಿಯುವುದು ನಾನೊಬ್ಬನೇ, ಬೆಳಗಿನ ತಂಪಿನಲ್ಲಿ, ದಿನಕ್ಕೆ ಒಂದೇ ಗಿಡ.